ಮುಚ್ಚಳದ ಒಳಗಿನ ತಾರೀಖು

ಜುಲೈ ೮

ಪ್ರೀತಿಯ ಅಪ್ಪನಿಗೆ,

ನಿನ್ನ ಎರಡು ಕಾಗದಗಳೂ ತಲುಪಿವೆ. ಮೊದಲನೆಯದಕ್ಕೆ ಉತ್ತರ ಬರೆಯದಿದ್ದುದಕ್ಕೆ ಕೆಲಸ ಕಾರಣ. ಎರಡನೆಯದಕ್ಕೆ ಬರೆಯದಿದ್ದುದಕ್ಕೆ ನೀನು ಕಾರಣ. ಅದನ್ನು ಮುಂದೆ ಹೇಳುತ್ತೇನೆ. ತಡವಾಯಿತು, ಕ್ಷಮಿಸು ಎಂದು ಮೊದಲು ಬರೆಯುವುದು ರೂಢಿ, ಬರೆದಿದ್ದೇನೆ ಅಂದುಕೋ.

ನಾನು ಚೆನ್ನಾಗಿದ್ದೇನೆ. ಅಡುಗೆಮನೆಯ ನಲ್ಲಿ ಮತ್ತೆ ಸೋರುತ್ತಿದೆ, ಮೇಲಿನ ಮನೆಯವರು ಬೆಳಗಾದರೆ ಕುರ್ಚಿ ಮೇಜು ಎಳೆದಾಡುತ್ತಾರೆ, ಬಾಡಿಗೆಗೆ ಬಂದ ದಿನದಿಂದ ಅವರು ಒಂದೇ ಕಡೆ ಒಂದು ದಿನ ಕೂತದ್ದಿಲ್ಲ. ಅಕ್ಕನ ಮಗುವಿಗೆ ಹಲ್ಲು ಬಂತೆಂದು ಬರೆದಿದ್ದೀಯ. ಯಾರನ್ನು ಮೊದಲು ಕಚ್ಚಿತು ಎಂದು ಬರೆಯಲಿಲ್ಲ. ಆಪರೇಷನ್ ಆದ ನಿನ್ನ ಕಣ್ಣು ಈಗ ಸಣ್ಣ ಅಕ್ಷರವನ್ನೂ ಓದುತ್ತದೆ ಎಂದು ತಿಳಿದು ಸಂತೋಷವಾಯಿತು. ಈ ಕಾಗದವನ್ನು ನೀನೇ ಓದಬೇಕು. ಅಕ್ಕನ ಕೈಗೆ ಕೊಟ್ಟು ಓದಿಸಿಕೊಳ್ಳಬೇಡ.

ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳ ಕೊನೆಯಲ್ಲಿ ನಮ್ಮ ಗ್ಯಾರೇಜಿಗೆ, ನೀನು ವೈರಿನ ಕೆಲಸ ಮಾಡುತ್ತಿದ್ದ ಬಸ್ ಬಾಡಿ ಕಾರ್ಖಾನೆಯ ಹಳೇ ಮಾಲೀಕರ ಕಾರು ಬಂತು. ಅದೇ ಕೆನೆಬಣ್ಣದ್ದು, ಮುಂದಿನ ದೀಪಗಳು ಕಪ್ಪೆಯ ಕಣ್ಣಿನ ಹಾಗೆ ಉಬ್ಬಿರುವುದು. ಅವರು ತೀರಿಕೊಂಡ ಮೇಲೆ ಕಾರ್ಖಾನೆ ಬೇರೆಯವರ ಕೈಸೇರಿತು, ಕಾರು ಮಾತ್ರ ಮಗಳ ಪಾಲಿಗೆ ಉಳಿಯಿತಂತೆ. ಮೇಸ್ತ್ರಿ ನನ್ನನ್ನು ಕೂಗಿದರು:

"ಏನಮ್ಮ ಕರಪತ್ರ, ವರ್ಗಶತ್ರುವಿನ ಕಾರು ಬಂದಿದೆ ನೋಡು. ಘೋಷಣೆ ಕೂಗ್ತೀಯೋ, ಬಾನೆಟ್ ಎತ್ತುತ್ತೀಯೋ?"

"ಮೊದಲು ಬಾನೆಟ್ಟು. ಘೋಷಣೆ ಆಮೇಲೆ," ಎಂದೆ.

ಆ ಮಗಳನ್ನು ದ್ವೇಷಿಸಲು ನಾನು ಎಲ್ಲ ತಯಾರಿ ಮಾಡಿಕೊಂಡಿದ್ದೆ. ಆಕೆ ಬಂದವರೇ ಗ್ರೀಸು ಮೆತ್ತಿದ ನನ್ನ ಸ್ಟೂಲಿನ ಮೇಲೆ ಕೂತುಬಿಟ್ಟರು. "ಹೊಸಾ ಬ್ಯಾಟರಿ ಹಾಕಿಸ್ದೆ, ನಾಲ್ಕೇ ದಿನಕ್ಕೆ ಸತ್ತುಹೋಯ್ತು. ಇನ್ನೊಂದು ಹಾಕಿಸ್ದೆ, ಅದೂ ಹೋಯ್ತು. ಬ್ಯಾಟರಿ ಅಂಗಡಿಯವನು ನನ್ನ ಕಂಡ್ರೆ ಈಗ ಎದ್ದು ನಿಂತ್ಕೋತಾನೆ," ಎಂದು ನಕ್ಕರು. ಅವರ ಸೀರೆಗೆ ಗ್ರೀಸು ಹತ್ತಿದ್ದನ್ನು ನಾನೇ ಹೇಳಬೇಕಾಯಿತು.

ನೀನು ಕಲಿಸಿದ ಕ್ರಮದಲ್ಲೇ ಹೋದೆ. ಬ್ಯಾಟರಿಯನ್ನು ಬೈಯುವ ಮೊದಲು ಅದಕ್ಕೆ ಊಟ ಹಾಕುವವರನ್ನು ನೋಡು ಎನ್ನುತ್ತಿದ್ದೆಯಲ್ಲ. ಇಂಜಿನ್ ಓಡುವಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಬೇಕು. ಇಲ್ಲಿ ಅದು ವೇಗ ಹೆಚ್ಚಿದಂತೆ ಮಂಕಾಗಿ, ಇನ್ನೇನು ಆರಿತು ಎನ್ನುವಾಗ ಮತ್ತೆ ಕೆಂಪಗಾಗುತ್ತಿತ್ತು. ಬೆಲ್ಟು ಬಿಗಿಯಾಗಿತ್ತು. ಡೈನಮೊದ ಎರಡು ವೈರು ಬಿಚ್ಚಿ, ವೈರು ಸಿಕ್ಕಿಸುವ ಎರಡು ಮೊಳೆಗೂ ಒಂದೇ ತಂತಿ ಸುತ್ತಿ, ಮೀಟರು ಹಿಡಿದು ಇಂಜಿನ್ನಿನ ವೇಗ ಮೆಲ್ಲಗೆ ಏರಿಸಿದೆ. ಮುಳ್ಳು ಎಲ್ಲೂ ತಡವರಿಸದೆ ಸರ್ರನೆ ಏರಿತು. ಡೈನಮೊ ಬೇಕಾದಷ್ಟು ಕರೆಂಟು ಹುಟ್ಟಿಸುತ್ತಿದೆ, ಅದು ಬ್ಯಾಟರಿಗೆ ಮುಟ್ಟುತ್ತಿಲ್ಲ ಎಂದಾಯಿತು. ದುಡಿದವನ ಫಲ ನಡುವೆ ಎಲ್ಲೋ ನಿಂತುಹೋಗುತ್ತಿದೆ ಎಂದು ಮೇಸ್ತ್ರಿಗೆ ಹೇಳಿದೆ. "ಕಾರಿಗೂ ಭಾಷಣ ಬಿಗಿದ್ಯಾ?" ಎಂದರು.

ನಡುವೆ ಇರುವುದು ರೆಗ್ಯುಲೇಟರ್ ಪೆಟ್ಟಿಗೆ. ಕ್ಲಿಪ್ಪು ಸರಿಸಿ ಅದರ ಕರಿ ಮುಚ್ಚಳ ತೆಗೆದೆ.

ಮೊದಲು ನಾನು ಕಂಡದ್ದು ನಿನ್ನ ಕೆಲಸವನ್ನು. ಬ್ಯಾಟರಿಗೆ ಕರೆಂಟಿನ ದಾರಿ ತೆರೆದು ಮುಚ್ಚುವ ಕಟ್‌ಔಟಿನ ಎರಡು ತುದಿಗಳು ಸುಟ್ಟುಹೋದಾಗ ಎಲ್ಲರೂ ಅರದಿಂದ ಉಜ್ಜಿ ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ಯಾರೋ ಸುಟ್ಟ ತುದಿ ಕತ್ತರಿಸಿ, ಸಾಸಿವೆಕಾಳಿನಷ್ಟು ಬೆಳ್ಳಿ ಬೆಸೆದು, ಕನ್ನಡಿಯ ಹಾಗೆ ತೀಡಿದ್ದರು. ವೈರುಗಳನ್ನು ಮೇಣದ ದಾರದಿಂದ ಹೊಲಿದಂತೆ ಕಟ್ಟಿದ್ದರು, ಗಂಟು ಎಡಕ್ಕೆ. ನನಗೆ ಆ ಗಂಟನ್ನು ಕಲಿಸುವಾಗ ನೀನು ನನ್ನ ಬೆರಳಿಗೆ ಎಷ್ಟು ಸಲ ಹೊಡೆದಿದ್ದೀಯ! "ಮೇಸ್ತ್ರಿ, ಬನ್ನಿ ಇಲ್ಲಿ. ನಮ್ಮಪ್ಪನ ಕೈ ನೋಡಿ," ಎಂದು ಕೂಗಿದೆ. ಎದೆ ಉಬ್ಬಿತ್ತು, ಅಪ್ಪ. ಅವರು ಕನ್ನಡಕ ಮೇಲೇರಿಸಿ ನೋಡಿ, "ಇಂಥಾ ಕೈ ಇನ್ನು ಹುಟ್ಟಲ್ಲ ಬಿಡು," ಎಂದು ತಮ್ಮ ಕೆಲಸಕ್ಕೆ ಹೋದರು.

ದೋಷ ಇದ್ದದ್ದು ನಿನ್ನ ಕೆಲಸದಲ್ಲಲ್ಲ. ಪೆಟ್ಟಿಗೆಯ ಅರ್ಥಿಂಗ್ ಸ್ಕ್ರೂ ತುಕ್ಕು ಹಿಡಿದು ಕಾರಿನ ಕಬ್ಬಿಣಕ್ಕೆ ತಾಗುವುದನ್ನೇ ಬಿಟ್ಟಿತ್ತು. ಉಜ್ಜಿ ಬಿಗಿ ಮಾಡಿದೆ. ಕೆಂಪು ದೀಪ ಆರಿತು, ಮುಳ್ಳು ಚಾರ್ಜಿನ ಕಡೆ ವಾಲಿತು. ಅಷ್ಟೇ ಕೆಲಸ.

ಮುಚ್ಚಳ ಹಾಕುವ ಮೊದಲು ಒಳಗೆ ತಾರೀಖು ಗೀಚಲು ಸೂಜಿ ತೆಗೆದುಕೊಂಡೆ. ಇದು ನೀನು ಕಾರ್ಖಾನೆಗೆ ಹಾಕಿಕೊಟ್ಟ ನಿಯಮ. ಪೆಟ್ಟಿಗೆ ತೆರೆದವರು ಮುಚ್ಚಳದ ಒಳಗೆ ತಾರೀಖು ಬರೆಯಲೇಬೇಕು, ಹಿಂದಿನ ಕೆಲಸ ಎಷ್ಟು ದಿನ ಬಾಳಿತು ಎಂದು ಮುಂದಿನವರಿಗೆ ತಿಳಿಯಬೇಕು. "ಮುಂದೆ ತೆರೆಯೋನು ಯಾರೇ ಆಗಿರ್ಲಿ, ಅವನಿಗೆ ಸುಳ್ಳು ಹೇಳಬಾರದು," ಎನ್ನುತ್ತಿದ್ದೆ ನೀನು. ಸೂಜಿ ಹಿಡಿದು ಮುಚ್ಚಳ ಬೆಳಕಿಗೆ ತಿರುಗಿಸಿದೆ. ನಾಲ್ಕು ತಾರೀಖುಗಳು, ನಾಲ್ಕೂ ನಿನ್ನವು. ಏಳರ ಸೊಂಟಕ್ಕೆ ಅಡ್ಡಗೆರೆ ಎಳೆಯುವವನು ನೀನೊಬ್ಬನೇ. ಕೊನೆಯದು ಹದಿನೈದು ವರ್ಷದ ಹಿಂದಿನದು. ಜುಲೈ ಹತ್ತೊಂಬತ್ತು.

ನಾನು ಅದನ್ನು ಎಷ್ಟು ಹೊತ್ತು ಓದಿದೆನೋ ಗೊತ್ತಿಲ್ಲ. ಎರಡಂಕಿ ಓದಲು ಎಷ್ಟು ಹೊತ್ತು ಬೇಕು?

ಆ ದಿನ ಏನೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ. ನೀನು ನನಗೆ ಊಟದ ಹೊತ್ತಿಗೆ ಕಥೆಯಂತೆ ಹೇಳಿದ್ದನ್ನು ಒಮ್ಮೆ ನಿನ್ನ ಮುಂದೆಯೇ ಇಡಬೇಕು. ಬಣ್ಣದ ಶೆಡ್ಡಿಗೆ ಒಂದು ಕಿಟಕಿ ಕೊಡಿ ಎಂದು ಕೇಳಿದ್ದಕ್ಕೆ ಮೂವರು ಪೇಂಟರುಗಳನ್ನು ಹೊರಗೆ ಹಾಕಿದರು. ಮೂವತ್ತು ಜನ ಕೆಲಸ ನಿಲ್ಲಿಸಿದಿರಿ. ಒಂಬತ್ತನೇ ದಿನ, ಆ ಹತ್ತೊಂಬತ್ತಕ್ಕೆ, ಮಾಲೀಕರು ಬಸ್ ಕಂಪನಿಯ ಕಚೇರಿಗೆ ಹೋಗಿ ಸಹಿ ಹಾಕದಿದ್ದರೆ ವರ್ಷದ ಗುತ್ತಿಗೆಯೇ ತಪ್ಪಿಹೋಗುತ್ತಿತ್ತು. ಅವರ ಕಾರು ಚಾರ್ಜ್ ಆಗದೆ ಮನೆಯ ಅಂಗಳದಲ್ಲಿ ನಿಂತಿತ್ತು. ಬಾಡಿಗೆ ಗಾಡಿಯವರೂ ಸಂಘದ ಮಾತಿಗೆ ಒಪ್ಪಿದ್ದರು. ಆ ಕಾರನ್ನು ಯಾರೂ ಮುಟ್ಟಬಾರದೆಂದು ಎಲ್ಲರೂ ಕೈಮೇಲೆ ಕೈಯಿಟ್ಟು ಆಣೆ ಮಾಡಿದಿರಿ. ಒಂದೇ ಒಂದು ದಿನ ಅದು ನಿಂತಿದ್ದರೆ ಗೆಲುವು ನಿಮ್ಮದಾಗಿತ್ತು. ಆದರೆ ಅದು ಹೊರಟಿತು. ಮತ್ತೆರಡು ದಿನಕ್ಕೆ ಮುಷ್ಕರ ಮುರಿಯಿತು. ಆ ಮೂವರಿಗೆ ಕೆಲಸ ಮರಳಿ ಸಿಗಲೇ ಇಲ್ಲ.

ಕಾರು ಸರಿಮಾಡಿದ ದ್ರೋಹಿ ವೆಲ್ಡರ್ ಉದ್ದಣ್ಣ ಎಂದು ಸಂಘದ ಸಭೆ ತೀರ್ಮಾನಿಸಿತು. ಅವತ್ತು ಬೆಳಿಗ್ಗೆ ಅವನನ್ನು ಮಾಲೀಕರ ಗೇಟಿನ ಬಳಿ ಕಂಡವರಿದ್ದರು. ಅಲ್ಲಿಂದಾಚೆಗೆ ಯಾರೂ ಅವನ ಜೊತೆ ಮಾತಾಡಲಿಲ್ಲ. ನನಗಾಗ ಹತ್ತು ವರ್ಷ. ಅವನು ಎದುರಿಗೆ ಬಂದರೆ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದೆ, ಹೋಗಿ ಉಗುಳುತ್ತಿದ್ದೆ. ಒಮ್ಮೆ ನೀನು ನೋಡಿದೆ. ಬೈಯುತ್ತೀಯೇನೋ ಎಂದು ಹೆದರಿದೆ. ನೀನು ಬೈಯಲಿಲ್ಲ.

ಮಾಲೀಕರ ಮಗಳನ್ನು ಕೇಳಿದೆ, ಏನೂ ತೋರಗೊಡದೆ. "ಮುಷ್ಕರದ ಹೊತ್ತಲ್ಲಿ ಈ ಕಾರನ್ನ ಯಾರು ರಿಪೇರಿ ಮಾಡಿದ್ದು?"

"ಅಯ್ಯೋ, ನಿಮ್ಮ ತಂದೆಯವರೇ! ನಿಮಗೆ ಹೇಳಿಲ್ವಾ?" ಎಂದರು. ಅವರಿಗೆ ಅದೊಂದು ಒಳ್ಳೆಯ ನೆನಪು. "ಹಿಂದಿನ ಗೇಟಿಂದ ಬಂದ್ರು. ಅಪ್ಪ ಕೆಲಸದೋರನ್ನ ಎದುರಿಗೆ ಕೂರಿಸಿದ್ದೇ ನಾನು ನೋಡಿಲ್ಲ. ಅವತ್ತು ತಾವೇ ಕುರ್ಚಿ ತಂದು ಹಾಕಿದ್ರು. 'ನನ್ನ ಹತ್ರ ಮೂವತ್ತು ಜನ ಇದಾರಪ್ಪ, ಕೆಲಸಗಾರ ಅಂತಿರೋನು ನೀನೊಬ್ಬನೇ' ಅಂದ್ರು. ನಿಮ್ಮ ತಂದೆ ಒಂದು ಲೋಟ ಚಹಾ ಬಿಟ್ರೆ ಏನೂ ಮುಟ್ಟಲಿಲ್ಲ. ಎಷ್ಟು ದೊಡ್ಡ ಮನಸ್ಸು."

ಎಷ್ಟು ದೊಡ್ಡ ಮನಸ್ಸು! ನೀನು ಹಸಿವಿನಿಂದ ಹೋಗಿದ್ದರೆ, ಹೆದರಿ ಹೋಗಿದ್ದರೆ, ಯಾರೋ ಕತ್ತಿನ ಪಟ್ಟಿ ಹಿಡಿದು ಎಳೆದೊಯ್ದಿದ್ದರೆ ನಾನು ಅರ್ಥ ಮಾಡಿಕೊಳ್ಳುತ್ತಿದ್ದೆ. ನಾನು ಓದುವ ಕಿರುಹೊತ್ತಿಗೆಗಳಲ್ಲಿ ಅದಕ್ಕೆಲ್ಲ ಪುಟಗಳಿವೆ. ಒಂದು ಕುರ್ಚಿಗೆ, ಒಂದು ಹೊಗಳಿಕೆಗೆ ಹೋದವನಿಗೆ ಯಾವುದರಲ್ಲೂ ಪುಟವಿಲ್ಲ.

ಇವತ್ತಿಗೆ ಸಾಕು.

ಜುಲೈ ೧೧

ಮೂರು ದಿನದ ಮೇಲೆ ಮತ್ತೆ ಬರೆಯಲು ಕೂತಿದ್ದೇನೆ. ಮೇಲಿನದನ್ನು ಹರಿದುಹಾಕೋಣವೆನಿಸಿತ್ತು. ಹರಿಯಲಿಲ್ಲ.

ಮುಚ್ಚಳವನ್ನು ಮಾಲೀಕರ ಮಗಳಿಂದ ಕೇಳಿ ಇಟ್ಟುಕೊಂಡೆ, ಹಳೇ ಸಾಮಾನಿನಿಂದ ಬೇರೊಂದು ಹಾಕಿಕೊಟ್ಟೆ. ನಿನ್ನೆ ಅದನ್ನು ಚೀಲದಲ್ಲಿ ಹಾಕಿಕೊಂಡು ಉದ್ದಣ್ಣನವರಲ್ಲಿಗೆ ಹೋದೆ. ಬಹುವಚನ ನೋಡಿ ಹುಬ್ಬೇರಿಸಬೇಡ. ಹದಿನೈದು ವರ್ಷದ ಬಾಕಿ ಅದು.

ಅಂಚೆ ಕಚೇರಿಯ ಗೋಡೆಗೆ ಒರಗಿಸಿದ ಒಂದು ಹಲಗೆಯೇ ಅವರ ಅಂಗಡಿ. ಬೀಗ, ಛತ್ರಿ, ಬಕೆಟ್ಟಿನ ಹಿಡಿ ಸರಿಮಾಡುತ್ತಾರೆ. ಬೆನ್ನು ಬಾಗಿದೆ. ಈಗ ಯಾರಾದರೂ ಉದ್ದಣ್ಣ ಎಂದರೆ ಲೇವಡಿ ಮಾಡಿದಂತಿರುತ್ತದೆ. ನಾನು ರಸ್ತೆ ದಾಟಿ ಅವರ ಬದಿಗೇ ಬರುವುದನ್ನು ಕಂಡು ಅವರು ಕೈಯಲ್ಲಿದ್ದ ಛತ್ರಿಯನ್ನು ಕೆಳಗಿಟ್ಟರು.

"ಏನಮ್ಮ, ದಾರಿ ತಪ್ಪಿ ಬಂದ್ಯಾ? ನಿನ್ನ ಬದಿ ಅದು," ಎಂದರು.

ನನಗೆ ಭಾಷಣ ಮಾಡಲು ಬರುತ್ತದೆ, ಅಪ್ಪ. ಗೇಟಿನ ಮುಂದೆ ನಿಂತು ಇನ್ನೂರು ಜನಕ್ಕೆ ಕೇಳುವ ಹಾಗೆ ಮಾತಾಡಿದ್ದೇನೆ. ನಿನ್ನೆ ನನ್ನಿಂದಾದದ್ದು ಒಂದೇ: ಮುಚ್ಚಳ ತೆಗೆದು ಕೊಟ್ಟೆ. ಅವರು ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಹೆಬ್ಬೆರಳಿಂದ ಗೀರುಗಳನ್ನು ಸವರಿದರು.

"ಅಕ್ಷರ ಚೆನ್ನಾಗಿ ಕೆತ್ತೋನು ನಿಮ್ಮಪ್ಪ," ಎಂದು ಹಿಂದಕ್ಕೆ ಕೊಟ್ಟರು.

"ನಿಮಗೆ ಗೊತ್ತಿತ್ತಾ?"

"ಆ ಕಾರನ್ನ ಒಂದು ಬೆಳಿಗ್ಗೇಲಿ ಎಬ್ಬಿಸೋ ಕೈ ಎಷ್ಟಿದ್ವಮ್ಮ? ನಾನು ವೆಲ್ಡರು. ಮನೇಲಿ ಬಲ್ಬ್ ಹೋದ್ರೂ ಪಕ್ಕದ ಮನೆ ಹುಡುಗಿ ಬಂದು ಹಾಕ್ಬೇಕು."

"ಮತ್ತೆ ಗೇಟಿನ ಹತ್ತಿರ ಏನು ಮಾಡ್ತಿದ್ರಿ?"

"ಯಾರೂ ಒಳಗೆ ಹೋಗ್ದಂಗೆ ಕಾಯೋಣ ಅಂತ ನಿಂತಿದ್ದೆ. ನಾನೇ, ಯಾರೂ ಹೇಳಿರಲಿಲ್ಲ. ಹಿಂದೆ ಇನ್ನೊಂದು ಗೇಟು ಇದೆ ಅಂತ ನಂಗೇನು ಗೊತ್ತು? ನಮ್ಮಂಥೋರು ನೋಡಿರೋದು ಒಂದೇ ಗೇಟು." ಹೇಳಿ ನಕ್ಕರು. ನಗಬೇಡಿ ಎಂದು ಅವರ ಕಾಲಿಗೆ ಬೀಳುವಂತಾಯಿತು ನನಗೆ.

"ಸಭೇಲಿ ಹೇಳ್ಬಹುದಿತ್ತಲ್ಲ? ವೆಲ್ಡರಿಗೆ ಇದು ಬರಲ್ಲ ಅಂತ?"

"ಹೇಳಿದೆ. ಕೂಗಿ ಹೇಳಿದೆ. ಆಗ ಎಲ್ಲ ನಿಮ್ಮಪ್ಪನ ಕಡೆ ತಿರುಗಿದ್ರು. ವೈರಿನ ಕೆಲಸದೋನು ಅವನೇ ತಾನೆ? ನೀನು ಹೇಳಪ್ಪ, ಇವನಿಂದ ಇದು ಸಾಧ್ಯವಾ ಅಂದ್ರು."

"ಅಪ್ಪ ಏನಂದ್ರು?"

ಉದ್ದಣ್ಣ ಛತ್ರಿಯ ಕಡ್ಡಿ ಎತ್ತಿಕೊಂಡು ನೆಟ್ಟಗೆ ಮಾಡತೊಡಗಿದರು. ಕೆಲಸ ನೋಡುತ್ತಲೇ ಹೇಳಿದರು. "'ಮನಸ್ಸು ಮಾಡಿದ್ರೆ ಯಾರಿಗಾದ್ರೂ ಸಾಧ್ಯ' ಅಂದ. ಅಷ್ಟೇ ಅಂದದ್ದು. ಅಷ್ಟು ಸಾಕಾಯ್ತು."

ಅಪ್ಪ, ನಾನು ನಿನ್ನ ಪರವಾಗಿ ವಾದಿಸಲು ಎಷ್ಟೋ ಯೋಚಿಸಿದ್ದೆ. ನೀನು ಗಾಬರಿಯಾಗಿದ್ದೆ, ನಿನ್ನ ಬಾಯಿ ಕಟ್ಟಿತು, ಸುಮ್ಮನೆ ಕೂತೆ ಎಂದೆಲ್ಲ. ಆದರೆ ನೀನು ಸುಮ್ಮನೆ ಕೂರಲಿಲ್ಲ. ನಿನ್ನ ಕಸುಬಿನ ಮಾತಿಗೆ ಇದ್ದ ಬೆಲೆಯನ್ನು ತೆಗೆದುಕೊಂಡು ಹೋಗಿ ಉದ್ದಣ್ಣನವರ ಕೊರಳಿಗೆ ಕಟ್ಟಿದೆ.

ನಾನು ಹೇಳಿದೆ: "ಹತ್ತೊಂಬತ್ತಕ್ಕೆ ಸಂಘದ ಸಭೆ ಇದೆ. ಎಲ್ಲರ ಮುಂದೆ ನಾನು ಹೇಳ್ತೀನಿ. ನಿಮ್ಮ ಹೆಸರು ನಾನು ತೊಳೀತೀನಿ."

"ನನ್ನ ಹೆಸರೇನು ಪಾತ್ರೇನಾ, ತೊಳೆಯೋಕೆ?" ಎಂದರು. "ಆ ಮೂವತ್ತರಲ್ಲಿ ಹದಿನೆಂಟು ಜನ ಸತ್ತೇ ಹೋದ್ರು. ಉಳಿದೋರಿಗೆ ಕಿವಿ ಕೇಳಲ್ಲ. ನಿನ್ನ ಸಭೆ ತಗೊಂಡು ನಾನೇನು ಮಾಡ್ಲಿ?" ಛತ್ರಿಯ ಬಟ್ಟೆಯನ್ನು ಕಡ್ಡಿಗೆ ಸಿಕ್ಕಿಸುತ್ತ, "ಮಾಡೋದಾದ್ರೆ ಒಂದು ಕೆಲಸ ಮಾಡು. ನಿಮ್ಮಪ್ಪನ್ನ ನಮ್ಮನೆಗೆ ಕಳ್ಸು. ನನ್ನ ಹೆಂಡ್ತಿಗೆ ಹೇಳ್ಲಿ."

"ಅವರೂ ನಂಬಿಲ್ವಾ ನಿಮ್ಮನ್ನ?"

"ಹದಿನೈದು ವರ್ಷ ನನ್ನ ಬೆನ್ನಿಗೆ ನಿಂತ್ಲು. ಅವಳ ಅಣ್ಣ-ತಮ್ಮಂದಿರು ಬಾ ಅಂದ್ರೂ ಹೋಗ್ಲಿಲ್ಲ. ಮನೆ ಮನೆ ಪಾತ್ರೆ ತಿಕ್ಕಿದ್ಲು. ಆದ್ರೆ ನಂಬಿದ್ಲಾ? ನಾನು ಮಾಡಿಲ್ಲ ಕಣೇ ಅಂದಾಗೆಲ್ಲ ಅವಳು ಹೇಳೋದು ಒಂದೇ. 'ಹೋಗ್ಲಿ ಬಿಡಿ, ಮಾಡಿದ್ರೂ ಪರವಾಗಿಲ್ಲ.' ಮಾಡಿದ್ರೂ ಪರವಾಗಿಲ್ಲ! ಬೈದಿದ್ರೆ ಚೆನ್ನಾಗಿತ್ತು."

ಛತ್ರಿಯನ್ನು ಬಿಚ್ಚಿ, ಮಡಿಸಿ, ಮತ್ತೆ ಬಿಚ್ಚಿ ನೋಡಿದರು. ಅದು ಸರಿಯಾಗಿತ್ತು. "ನಾನು ಹೇಳಿ ಪ್ರಯೋಜನ ಇಲ್ಲ. ನೀನು ಹೇಳಿದ್ರೆ, ಪಾಪ ಒಳ್ಳೆ ಹುಡುಗಿ, ಸಮಾಧಾನಕ್ಕೆ ಹೇಳ್ತಾಳೆ ಅಂದ್ಕೋತಾಳೆ. ಅವನೇ ಬರ್ಬೇಕು."

ಅಲ್ಲಿಂದ ನೇರ ಪ್ರೆಸ್ಸಿಗೆ ಹೋದೆ. 'ಒಂಬತ್ತನೇ ದಿನದ ದ್ರೋಹ' ಐನೂರು ಪ್ರತಿ ಅಚ್ಚಾಗಿ ಹೊಲಿಗೆಗೆ ಕಾಯುತ್ತ ಮೂಲೆಯಲ್ಲಿ ಪೇರಿಸಿಟ್ಟಿತ್ತು. ನನ್ನ ಮೊದಲ ಹೊತ್ತಿಗೆ. ಎರಡು ವರ್ಷ, ರಜೆಯ ದಿನಗಳಲ್ಲೆಲ್ಲ ಹಳೇ ಕೆಲಸಗಾರರ ಮನೆ ಮನೆ ಅಲೆದು ಬರೆದದ್ದು. ಕಾಗದಕ್ಕಿನ್ನೂ ಶಾಯಿಯ ವಾಸನೆ ಇತ್ತು. ಇದನ್ನು ಹೊಲಿಯಬೇಡಿ ಎಂದೆ.

"ಏನಾಯ್ತು, ತಪ್ಪು ಸಿಕ್ತಾ?" ಎಂದರು ಪ್ರೆಸ್ಸಿನವರು.

"ಒಂದು."

"ಒಂದೇ ಅಲ್ವಾ? ಕೊನೇಲಿ ತಪ್ಪು-ಒಪ್ಪು ಪಟ್ಟಿ ಹಾಕಿದ್ರಾಯ್ತು ಬಿಡಿ. ಒಂದು ತಪ್ಪಿಗೆ ಯಾರಾದ್ರೂ ಪುಸ್ತಕ ನಿಲ್ಲಿಸ್ತಾರಾ?"

ಅವರಿಗೆ ಏನು ಹೇಳಲಿ? ಆ ಒಂದೇ ತಪ್ಪಿನ ಸುತ್ತ ಮೂವತ್ತೆರಡು ಪುಟ ಬರೆದಿದ್ದೇನೆಂದೇ?

ಈಗ ನಾನು ಹೇಳಬೇಕಾದದ್ದು. ಹದಿನೆಂಟರ ಬೆಳಗಿನ ಬಸ್ಸಿಗೆ ಬಾ. ನಿಲ್ದಾಣಕ್ಕೆ ನಾನು ಬರುತ್ತೇನೆ, ನಿನ್ನ ಚೀಲ ಹೊರುತ್ತೇನೆ, ದಾರಿಯಲ್ಲಿ ಏನೂ ಕೇಳುವುದಿಲ್ಲ. ಮೊದಲು ಉದ್ದಣ್ಣನವರ ಮನೆಗೆ ಹೋಗೋಣ. ಆ ತಾಯಿ ನಿನ್ನನ್ನು ಒಳಗೆ ಕರೆಯಬಹುದು, ಬಾಗಿಲು ಹಾಕಬಹುದು. ಬಾಗಿಲು ಹಾಕಿದರೆ ಹೊರಗೆ ನಿಂತೇ ಹೇಳಬೇಕು. ಮರುದಿನ ಸಭೆ. ಅಲ್ಲಿಗೆ ಬರುವುದು ಬಿಡುವುದು ನಿನ್ನಿಷ್ಟ, ಅಲ್ಲಿ ಮುಚ್ಚಳ ತೋರಿಸಿ ನಾನೇ ಮಾತಾಡುತ್ತೇನೆ. ಆದರೆ ಮನೆಯ ಮಾತು ನಿನ್ನಿಂದಲೇ ಆಗಬೇಕು. ನೀನು ಬರದಿದ್ದರೂ ಸಭೆಯಲ್ಲಿ ನಾನು ಹೇಳುತ್ತೇನೆ. ಆಗ ನನಗೆ ನೀನು ಏನಾಗಿರುತ್ತೀಯೋ ತಿಳಿಯದು. ಕಾರ್ಖಾನೆಯ ಹಳೇ ಕೆಲಸಗಾರನೊಬ್ಬ ಎಂದು ಬರೆಯಬಲ್ಲೆ. ಅದಕ್ಕಿಂತ ಹೆಚ್ಚಿನದು ಬರೆಯಲು ಕೈ ಏಳುವುದಿಲ್ಲ.

ನಿನ್ನನ್ನು ಬೈಯಲು ನನಗೆ ಯಾರ ಹೊತ್ತಿಗೆಯೂ ಬೇಕಿಲ್ಲ ಎಂದು ಈ ಮೂರು ದಿನದಲ್ಲಿ ತಿಳಿಯಿತು. ನಿನ್ನ ಮಾತುಗಳೇ ಸಾಲುತ್ತವೆ. ನನಗೆ ಓದು ಕಲಿಸಿದವನು, ಮೊದಲ ಕರಪತ್ರ ತಂದುಕೊಟ್ಟವನು, ದುಡಿಯುವವರು ಒಬ್ಬರನ್ನೊಬ್ಬರು ಬಿಟ್ಟುಕೊಡಬಾರದು ಎಂದು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದವನು ನೀನು. ಆಗ ನಿನ್ನ ಧ್ವನಿ ಗದ್ಗದವಾಗುತ್ತಿತ್ತು. ಉದ್ದಣ್ಣನ ದ್ರೋಹ ನೆನೆದು ದುಃಖವಾಗುತ್ತಿದೆ ಎಂದುಕೊಂಡು ನಾನು ನಿನ್ನ ಕೆನ್ನೆ ಒರೆಸಿದ್ದೇನೆ.

ಈ ಕಾಗದವನ್ನು ಅಕ್ಕನಿಗೆ ತೋರಿಸಬೇಕೋ ಬೇಡವೋ ನೀನೇ ಯೋಚಿಸು. ಅವಳ ಮಗುವಿಗೆ ನನ್ನ ಮುತ್ತು. ಅದು ನೂರು ವರ್ಷ ಬಾಳಲಿ, ಆ ಹೊಸ ಹಲ್ಲುಗಳ ಹಿಂದೆ ಗೊತ್ತಿದ್ದನ್ನು ಗೊತ್ತು ಎನ್ನುವ ನಾಲಿಗೆಯೂ ಇರಲಿ. ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ಮರೆಯಬೇಡ, ಬಸ್ಸಿನ ಕಿಟಕಿಯ ಗಾಳಿಗೆ ಮುಖ ಒಡ್ಡಬೇಡ. ಪ್ರತಿ ಕಾಗದದ ಕೊನೆಯಲ್ಲೂ ನಿನ್ನ ಆಶೀರ್ವಾದ ಕೇಳುತ್ತಿದ್ದೆ. ಈ ಸಲ ಕೇಳುತ್ತಿಲ್ಲ. ಹದಿನೆಂಟರ ಸಂಜೆ ಕೇಳಬಹುದೇನೋ.

ನಿನ್ನ ಮಗಳು

ತಾ.ಕ.: ಲಕೋಟೆ ಅಂಟಿಸುವ ಮೊದಲು ಹೊತ್ತಿಗೆಯ ಕರಡನ್ನು ಹುಡುಕಿ ತೆಗೆದೆ, ಮೂರು ತಿಂಗಳ ಹಿಂದೆ ನಿನಗೆ ನೋಡಲು ಕಳಿಸಿ, ನೀನು ಮರಳಿಸಿದ್ದನ್ನು. 'ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅಪ್ಪ ಮೊಟ್ಟಮೊದಲು ಓದಿದ್ದು ನಿನ್ನ ಬರಹವನ್ನೇ' ಎಂದು ಅಕ್ಕ ನನಗೆ ಬರೆದಿದ್ದಳು. ಆ ಸಾಲನ್ನು ನಾನು ಗ್ಯಾರೇಜಿನಲ್ಲಿ ಎಲ್ಲರಿಗೂ ಓದಿ ಹೇಳಿದ್ದೆ. ಹದಿನಾಲ್ಕನೇ ಪುಟದಲ್ಲಿ ನಾನು ಹೀಗೆ ಬರೆದಿದ್ದೆ: 'ಆ ದಿನ ಕಾರು ಸರಿಮಾಡಿದವನು ಬಹುಶಃ ಉದ್ದಣ್ಣನೇ ಇರಬೇಕು.' ಕಣ್ಣಾರೆ ಕಂಡವರು ಯಾರೂ ಸಿಗಲಿಲ್ಲ, ಅದಕ್ಕೇ ಹಾಗೆ ಬರೆದೆ. ನೀನು ಪೆನ್ಸಿಲಿನಿಂದ 'ಬಹುಶಃ' ಹೊಡೆದುಹಾಕಿದ್ದೀಯ. 'ಇರಬೇಕು' ಹೊಡೆದುಹಾಕಿದ್ದೀಯ. ಪಕ್ಕದಲ್ಲಿ ಸಣ್ಣಗೆ ಬರೆದಿದ್ದೀಯ: 'ಇಲ್ಲಿ ಅನುಮಾನ ಬೇಡ ಮಗಳೇ.' ನಾನು ಹಾಗೆಯೇ ತಿದ್ದಿ ಪ್ರೆಸ್ಸಿಗೆ ಕೊಟ್ಟೆ.